ಅಪ್ಪಯ್ಯನ ಹೆಸರು ಎಲ್ಲಿ ಹೋಯ್ತು?

ಸ್ಟುಟ್‌ಗಾರ್ಟ್, ಜರ್ಮನಿ
ಅಕ್ಟೋಬರ್, ಭಾನುವಾರ ಮಧ್ಯಾಹ್ನ

ತೀರ್ಥರೂಪ ಅಪ್ಪಯ್ಯನಿಗೆ, ಆಯಿಗೆ ಸಾಷ್ಟಾಂಗ ನಮಸ್ಕಾರ. ತಮ್ಮನಿಗೆ ಆಶೀರ್ವಾದ.

ನಾನಿಲ್ಲಿ ಕ್ಷೇಮ. ಚಳಿ ಹಿಡಿದಿದೆ. ಈ ಊರು ಬೋಗುಣಿಯ ತಳದಲ್ಲಿ ಕೂತ ಹಾಗಿದೆ ಎಂದು ಹಿಂದೆಯೂ ಬರೆದಿದ್ದೆ. ಸುತ್ತಲಿನ ಗುಡ್ಡದ ಓರೆಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ, ಅದರ ಎಲೆಯೆಲ್ಲ ಈಗ ಹಣ್ಣಾಗಿ ಹಳದಿ ತಿರುಗಿದೆ. ಕೊಯ್ಲು ಮುಗಿಯಿತು. ನಮ್ಮಲ್ಲಿ ಅಡಿಕೆಯ ಕೊನೆಕೊಯ್ಲು ಇನ್ನು ಶುರುವಾಗಬೇಕು, ಅಲ್ಲವಾ?

ಗುರುವಾರ ಫೋನ್ ಮಾಡಿದಾಗ ಅಪ್ಪಯ್ಯ, ನೀನು ಒಂದೇ ಮಾತು ಕೇಳಿ ಫೋನನ್ನು ಆಯಿಯ ಕೈಗೆ ದಾಟಿಸಿಬಿಟ್ಟೆ. "ತಮ್ಮನ ಬಯೋಡೇಟಾದಲ್ಲಿ ಯನ್ನ ಹೆಸ್ರೇ ತೆಗ್ದು ಹಾಕಿದ್ಯಲೇ ತಂಗಿ?" ಆಮೇಲೆ ಆಯಿ ಮಳೆ, ಕೊಳೆರೋಗ, ಗಬ್ಬದ ಎಮ್ಮೆ ಎಲ್ಲ ಹೇಳಿದಳು. ನನಗೆ ಒಂದೂ ತಲೆಗೆ ಹೋಗಲಿಲ್ಲ. ಫೋನಿನಲ್ಲಿ ಸಮಜಾಯಿಷಿ ಕೊಡಹೊರಟರೆ ಅರ್ಧಕ್ಕೆ ನೆಟ್‌ವರ್ಕ್ ಹೋಗುತ್ತದೆ, ಇಲ್ಲದಿದ್ದರೆ ನೀನೇ ಅರ್ಧಕ್ಕೆ "ಆತು, ಆತು" ಎನ್ನುತ್ತೀಯ. ಅದಕ್ಕೇ ಈ ಕಾಗದ. ಆಯಿ, ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದು. ತಮ್ಮನೂ ಕೇಳಲಿ, ಅರ್ಧಕ್ಕಿಂತ ಹೆಚ್ಚು ಅವನಿಗೇ ಬರೆದದ್ದು.

ಮೊದಲು ನಡೆದದ್ದು ಹೇಳುತ್ತೇನೆ. ಜರ್ಮನಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಬೇಕು, ತಿದ್ದಿಕೊಡು ಎಂದು ತಮ್ಮ ನನಗೆ ಕಳಿಸಿದ್ದು ನಾಲ್ಕು ಪುಟದ ಸಿವಿ. ಸಿರ್ಸಿ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ್ದಂತೆ. ಸುತ್ತ ಬಾರ್ಡರು. ಮೂಲೆಯಲ್ಲಿ ನೀಲಿ ಪರದೆಯ ಮುಂದೆ ತೆಗೆದ ಫೋಟೋ. ಮೈಮೇಲೆ ಕೋಟು, ಟೈ. ಆ ಕೋಟು ನಮ್ಮ ಮನೆಯದಲ್ಲ, ಸ್ಟುಡಿಯೋದವನ ಕಂಪ್ಯೂಟರಿನದು, ಕುತ್ತಿಗೆಯ ಹತ್ತಿರ ನೋಡಿದರೆ ಗೊತ್ತಾಗುತ್ತದೆ. ಕೆಳಗೆ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ತಾರೀಕು, ಧರ್ಮ, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಪಾಸ್‌ಪೋರ್ಟ್ ನಂಬರು, ಪೋಸ್ಟು, ತಾಲೂಕು. ಆಮೇಲೆ "ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯೊಂದಿಗೆ ನಾನೂ ಬೆಳೆಯುವ ಗುರಿ" ಎನ್ನುವ ಇಂಗ್ಲಿಷ್ ವಾಕ್ಯ. ಕೊನೆಗೆ "ಮೇಲಿನದೆಲ್ಲ ನನ್ನ ಅರಿವಿಗೆ ಬಂದಷ್ಟು ನಿಜ" ಎಂಬ ಪ್ರಮಾಣಪತ್ರ, ಅದರಡಿಗೆ "ಸ್ಥಳ: ಹಾವೇರಿ". ಹಾವೇರಿ ಎಲ್ಲಿಂದ ಬಂತು? ಹಿಂದಿನ ಗಿರಾಕಿಯದು ಅಳಿಸದೆ ಉಳಿದದ್ದು. ಅಂದರೆ ನಮ್ಮ ಮಾಣಿ ಹಾವೇರಿಯವನ ಸತ್ಯಕ್ಕೆ ಸಹಿ ಹಾಕಿ ಕೊಟ್ಟಿದ್ದಾನೆ!

ಅಪ್ಪಯ್ಯ, ನೀನು ಬಯೋಡೇಟಾ ಎಂದೆಯಲ್ಲ, ಗುಟ್ಟು ಅಲ್ಲೇ ಇದೆ. ಬಯೋಡೇಟಾ ಎಂದರೆ ನಮ್ಮಲ್ಲಿ ಮದುವೆಗೆ ಜಾತಕದ ಜೊತೆ ಕಳಿಸುವ ಕಾಗದ. ಅಲ್ಲಿ ಯಾರ ಮಗ, ಯಾವ ಊರು, ಯಾವ ಮನೆತನ ಎನ್ನುವುದೇ ಮುಖ್ಯ, ಹುಡುಗ ದಿನಾ ಏನು ಮಾಡುತ್ತಾನೆ ಎನ್ನುವುದು ಒಂದು ಸಾಲು. ಇಲ್ಲಿಯವರು ಕೇಳುವ ಕಾಗದದಲ್ಲಿ ಅದು ತಿರುಗುಮುರುಗು. ಇಲ್ಲಿ 2006ರಲ್ಲಿ ಒಂದು ಕಾನೂನು ಬಂತು. ಕೆಲಸಕ್ಕೆ ತೆಗೆದುಕೊಳ್ಳುವಾಗ ಕುಲ, ಧರ್ಮ, ವಯಸ್ಸು, ಹೆಣ್ಣು ಗಂಡು, ಅಂಗವೈಕಲ್ಯ ಇಂಥದ್ದನ್ನು ನೋಡಿ ಒಬ್ಬರನ್ನು ಬಿಟ್ಟರೆ ಅವರು ಕೋರ್ಟಿಗೆ ಹೋಗಬಹುದು. ಹಾಗಾಗಿ ಕಂಪನಿಯವರಿಗೆ ಅದೆಲ್ಲ ಗೊತ್ತಾಗದೇ ಇದ್ದರೇ ನೆಮ್ಮದಿ. ಕಾಗದದಲ್ಲಿ ಜಾತಿ ಬರೆದುಕೊಂಡು ಬಂದವನನ್ನು ಕಂಡರೆ ಮೆಚ್ಚುವುದಿಲ್ಲ, ಗಾಬರಿಯಾಗುತ್ತಾರೆ. ಫೋಟೋ ಮಾತ್ರ ಇಲ್ಲಿ ಇನ್ನೂ ತುಂಬಾ ಜನ ಹಚ್ಚುತ್ತಾರೆ, ಕೇಳುವ ಹಾಗಿಲ್ಲ ಅಷ್ಟೆ. ಇಂಗ್ಲೆಂಡು, ಅಮೆರಿಕಕ್ಕೆ ಕಳಿಸುವುದಾದರೆ ಫೋಟೋನೂ ಬೇಡ, ಹುಟ್ಟಿದ ತಾರೀಕೂ ಬೇಡ.

ನಾನು ಸಣ್ಣವಳಿದ್ದಾಗ ನಿನ್ನ ಸಂಗಡ ಅಡಿಕೆ ಮಾರುವ ಸೊಸೈಟಿಗೆ ಬಂದದ್ದು ನೆನಪಿದೆ. ನಮ್ಮ ಚಾಲಿ ಅಡಿಕೆಯನ್ನು ಸುರಿದು, ಮುಂದೆ ಲಾಟಿನ ನಂಬರು ಚೀಟಿ ಇಟ್ಟಿದ್ದರು. ವ್ಯಾಪಾರಿ ಬಂದ, ಹಿಡಿ ಎತ್ತಿ ನೋಡಿದ, ಒಂದನ್ನು ಅಡಕತ್ತರಿಯಲ್ಲಿ ಒಡೆದ, ದರ ಬರೆದ, ಮುಂದಿನ ರಾಶಿಗೆ ಹೋದ. ನಮ್ಮ ತೋಟಕ್ಕೆ ಎಷ್ಟು ತಲೆಮಾರು ಎಂದು ಅವನು ಕೇಳಲಿಲ್ಲ. ನೀನಾಗಿಯೇ ಹೇಳಹೋಗಲಿಲ್ಲ ಕೂಡ. ನಿನ್ನ ಮಗನ ಕಾಗದವೂ ಹಾಗೇ ಇರಲಿ ಎಂದು ಮಾಡಿದ್ದು. ಸಿಟ್ಟು ಇಳಿಯದಿದ್ದರೆ ಇನ್ನೊಂದು ಮಾತಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ತಮ್ಮಾ, ಇಲ್ಲಿಂದ ನಿನಗೆ. (ಆಯಿ ಓದಿದರೂ ಅಡ್ಡಿಲ್ಲೆ.)

ನಾಲ್ಕು ಪುಟದಲ್ಲಿ ನೀನು ಮಾಡಿದ ಕೆಲಸಕ್ಕೆ ಸಿಕ್ಕಿದ್ದು ಎರಡು ಸಾಲು. ಹುಬ್ಬಳ್ಳಿಯ ಕಾರ್ಖಾನೆಯಲ್ಲಿ "ಪ್ರೊಡಕ್ಷನ್ ಇಂಜಿನಿಯರ್, ಎಲ್ಲ ಉತ್ಪಾದನಾ ಕೆಲಸಗಳ ಜವಾಬ್ದಾರಿ". ಇದನ್ನು ಓದಿದವನಿಗೆ ಏನು ತಿಳಿಯಬೇಕು? ಆವತ್ತು ರಾತ್ರಿ ನಾನು ಪೊಲೀಸರ ಹಾಗೆ ವಿಚಾರಣೆ ಮಾಡಿದ್ದಕ್ಕೆ ನಿನಗೆ ಬೇಜಾರಾಯಿತು, ಗೊತ್ತು. ದಿನಾ ಬೆಳಿಗ್ಗೆ ಹೋಗಿ ಏನು ಮಾಡುತ್ತಿದ್ದೆ ಎಂದು ಕೇಳಿದರೆ, "ಎಂಥದೂ ಇಲ್ಲೆ, ಮಶೀನ್ ನೋಡ್ಕತ್ತಿದ್ದಿ" ಎಂದೆ. ಎಷ್ಟು ಮಶೀನು? ಎರಡು ಸಿಎನ್‌ಸಿ ಲೇತು. ಏನು ಮಾಡುತ್ತಿತ್ತು? ವಾಲ್ವಿನ ಬಾಡಿ. ಕೈಕೆಳಗೆ ಎಷ್ಟು ಜನ? ನಾಲ್ಕು. ರಿಜೆಕ್ಟ್ ಆಗುತ್ತಿರಲಿಲ್ಲವಾ? ಆಗ ನೋಡು, ನಿನ್ನ ಬಾಯಿ ತೆರೆಯಿತು. ಮೊದಲು ನೂರಕ್ಕೆ ಆರು ಹೋಗುತ್ತಿತ್ತು, ಪಾಳಿ ಬದಲಾಗುವ ಹೊತ್ತಿಗೆ ಟೂಲ್ ಸವೆದದ್ದನ್ನು ಯಾರೂ ನೋಡುತ್ತಿರಲಿಲ್ಲ, ನೀನೊಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ, ಆರು ತಿಂಗಳಲ್ಲಿ ಎರಡಕ್ಕೆ ಬಂತು. ಮಾರಾಯಾ, ಇದಕ್ಕೆ ಎಂಥದೂ ಇಲ್ಲೆ ಎನ್ನುತ್ತಾರಾ? ನಾಲ್ಕು ಪುಟದಲ್ಲಿ ಇದೊಂದೇ ಇರಲಿಲ್ಲ! ಈಗ ಮೊದಲ ಪುಟದ ಮೇಲ್ಭಾಗದಲ್ಲಿ ಅದೇ ಇದೆ. ಏನಿತ್ತು, ನೀನು ಏನು ಮಾಡಿದೆ, ಎಷ್ಟಕ್ಕೆ ಬಂತು. ಬೇರೆ ಸಾಲುಗಳನ್ನೂ ಹೀಗೇ ತಿದ್ದು. "ಕಷ್ಟಪಟ್ಟು ದುಡಿಯುವವನು, ಬೇಗ ಕಲಿಯುವವನು" ಎಂದು ಬರೆದ ಕಡೆಯೆಲ್ಲ ಹೊಡೆದು ಹಾಕಿದ್ದೇನೆ. ಸೋಮಾರಿ ಎಂದು ತನ್ನ ಸಿವಿಯಲ್ಲಿ ಬರೆದುಕೊಂಡವರು ಯಾರಿದ್ದಾರೆ?

ಇನ್ನು ಆ ಹದಿನಾಲ್ಕು ತಿಂಗಳು. ಅಪ್ಪಯ್ಯ ಜಾರಿಬಿದ್ದು ಕಾಲು ಮುರಿದುಕೊಂಡಾಗ ನೀನು ಕೆಲಸ ಬಿಟ್ಟು ಬಂದೆ. ಅದನ್ನು ಮುಚ್ಚಲು ತಿಂಗಳನ್ನೇ ಬರೆಯದೆ ಬರೀ ಇಸವಿ ಹಾಕಿದ್ದೀಯ. ಇಲ್ಲಿಯವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ತಿಂಗಳು, ಇಸವಿ ಎರಡೂ ಬರೆಯುವುದು ಇಲ್ಲಿಯ ರೂಢಿ, ಹೊಸದು ಮೇಲೆ, ಹಳೆಯದು ಕೆಳಗೆ. ನಡುವೆ ಖಾಲಿ ಬಿಟ್ಟರೆ ಅದಕ್ಕೊಂದು ಹೆಸರೇ ಇದೆ ಇವರಲ್ಲಿ, "ಲ್ಯೂಕೆ" ಎನ್ನುತ್ತಾರೆ, ಬಿರುಕು ಎಂದ ಹಾಗೆ. ಬಿರುಕು ಇದ್ದರೆ ತಪ್ಪಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಅನುಮಾನ. ನಿನಗೆ ನಾಚಿಕೆ ಯಾಕೆ ಎಂದೇ ನನಗೆ ಅರ್ಥವಾಗಲಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ ಎರಡು ಎಕರೆ ತೋಟ ನೋಡಿಕೊಂಡೆ. ಮಳೆಗಾಲದಲ್ಲಿ ಮರ ಹತ್ತುವ ಕೊನೆಗೌಡರನ್ನು ಹುಡುಕಿ ತಂದು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ ಎಂದು ಅಪ್ಪಯ್ಯನೇ ಹೇಳಿದ್ದಾನೆ. ಅದಕ್ಕಿಂತ ಹೆಚ್ಚಾಗಿ, ಕೇರಿಯ ಮೂರು ಮನೆಯ ಅಡಿಕೆ ಸುಲಿಯುವ ಮಶೀನು ನಿನ್ನ ಕೈಯಲ್ಲೇ ರಿಪೇರಿ ಆದದ್ದು. ಬ್ಲೇಡಿನ ಸಂದು ಸರಿಮಾಡಿ ಅಡಿಕೆ ಒಡೆಯುವುದನ್ನು ನಿಲ್ಲಿಸಿದವನು ನೀನು. ಮೆಕ್ಯಾನಿಕಲ್ ಇಂಜಿನಿಯರಿಗೆ ಇದು ಕೆಲಸವಲ್ಲವಾ? ಮೂರು ಸಾಲಿನಲ್ಲಿ ಬರೆದಿದ್ದೇನೆ: ಮನೆಯ ಕಾರಣಕ್ಕೆ ಊರಿನಲ್ಲಿ, ತೋಟದ ನಿರ್ವಹಣೆ, ಕೃಷಿ ಯಂತ್ರಗಳ ದುರಸ್ತಿ. ಇಷ್ಟು ಸಾಕು. ಅಪ್ಪಯ್ಯನ ಕಾಲಿನ ಕಥೆ ಅದರಲ್ಲಿ ಬೇಡ.

ಒಂದು ಕಡೆ ಮಾತ್ರ ನೀನು ಕೆಳಗೆ ಕೀಳು ದರ್ಜೆಯ ಗೋಟಡಿಕೆ ಹಾಕಿ ಮೇಲೆ ಒಳ್ಳೆಯ ಚಾಲಿ ಹರಡಿದ್ದೀಯ. ಜರ್ಮನ್ ಭಾಷೆ ಬಿ1 ಎಂದು ಬರೆದದ್ದು. ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲು. ನೀನು ಎರಡನೆಯದರ ಅರ್ಧದಲ್ಲಿದ್ದೀಯ. ನಿನಗೆ ಬೈಯುವ ಹಕ್ಕು ನನಗಿಲ್ಲ, ಯಾಕೆಂದರೆ ನಾನೂ ಅದನ್ನೇ ಮಾಡಿದ್ದೆ. ಈ ಕಥೆ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಬಂದ ವರ್ಷ, ಎ2 ಪಾಸಾಗಿತ್ತು, ಬಿ1 ಕ್ಲಾಸಿಗೆ ಹಣ ಕಟ್ಟಿದ್ದೆ, ಕಟ್ಟಿದೆ ಎಂದ ಮೇಲೆ ಬಂದ ಹಾಗೇ ಎಂದು ಸಿವಿಯಲ್ಲಿ ಬಿ1 ಹಾಕಿದೆ. ಸಂದರ್ಶನಕ್ಕೆ ಕರೆದರು. ಮೂರು ಜನ ಕೂತಿದ್ದರು. ಹತ್ತು ನಿಮಿಷ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ನಡೆಯಿತು. ಆಮೇಲೆ ನಡುವೆ ಕೂತಿದ್ದ ಹೆಂಗಸು ನಗುತ್ತ ಕಾಗದದ ಮೇಲೆ ಬೆರಳಿಟ್ಟು, ಬಿ1 ಇದೆಯಲ್ಲ, ಸ್ವಲ್ಪ ಜರ್ಮನ್‌ನಲ್ಲೇ ಮಾತಾಡೋಣ ಎಂದು ಏನೋ ಕೇಳಿದಳು. ಹಿಂದಿನ ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದ್ದು ಎಂದು ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ಅಲ್ಲಿ ನಾನು "ಯಾ" ಎಂದೆ. ಇನ್ನೊಂದು ಸಲ ಬೇರೆ ರೀತಿ ಕೇಳಿದಳು. ಮತ್ತೆ "ಯಾ" ಎಂದೆ. ಮೂವರೂ ಮೇಜಿನ ಮೇಲಿದ್ದ ನೀರಿನ ಬಾಟಲಿ ನೋಡತೊಡಗಿದರು. ಯಾರೂ ಗದರಲಿಲ್ಲ. ಕೈಕುಲುಕಿ ಬೀಳ್ಕೊಟ್ಟರು. ಟ್ರಾಮ್ ಹತ್ತದೆ ನಡೆದುಕೊಂಡೇ ರೂಮಿಗೆ ಬಂದೆ. ಆ ಒಂದು ಅಕ್ಷರದ ಸುಳ್ಳಿಗೆ ಬಾಕಿ ಎರಡು ಪುಟದ ನಿಜವೂ ಹೋಯಿತು. ನಿನ್ನದರಲ್ಲಿ ಎ1 ಪಾಸು, ಎ2 ಕಲಿಯುತ್ತಿದ್ದಾನೆ ಎಂದು ತಿದ್ದಿದ್ದೇನೆ.

ಮಾರ್ಕಿನ ವಿಷಯ. ಇಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಕಷ್ಟದಲ್ಲಿ ಪಾಸು, 5 ಅಂದರೆ ನಪಾಸು. (ಅಪ್ಪಯ್ಯ, ನಿನ್ನ ಮೊಮ್ಮಗಳು ಶಾಲೆಯಿಂದ ಒಂದು ತಂದಳು ಎಂದರೆ ಹೊಡೆಯಬೇಡ, ಈಗಲೇ ಹೇಳಿಟ್ಟಿದ್ದೇನೆ.) ನಿನ್ನ 70 ಪರ್ಸೆಂಟು, ಪಾಸಿಗೆ 40 ಎಂದು ಹಿಡಿದರೆ, ಇವರ ಸೂತ್ರದಲ್ಲಿ 2.5 ಆಗುತ್ತದೆ: ನೂರರಲ್ಲಿ ಎಪ್ಪತ್ತು ಕಳೆದು ಮೂರರಿಂದ ಗುಣಿಸಿ, ನೂರರಲ್ಲಿ ನಲವತ್ತು ಕಳೆದದ್ದರಿಂದ ಭಾಗಿಸಿ, ಒಂದು ಕೂಡಿಸಬೇಕು. ಸಿವಿಯಲ್ಲಿ ಮಾತ್ರ ನಮ್ಮ ಪರ್ಸೆಂಟನ್ನೇ "100ಕ್ಕೆ 70" ಎಂದು ಬರೆ, ಪರಿವರ್ತನೆ ಪಕ್ಕದಲ್ಲಿರಲಿ. ಮತ್ತೆ, ನಿನ್ನ ಕಾಲೇಜು, ವಿಟಿಯು ಎರಡನ್ನೂ "ಅನಾಬಿನ್" ಎಂಬ ಜರ್ಮನ್ ಸರಕಾರಿ ಪಟ್ಟಿಯಲ್ಲಿ ಹುಡುಕಿ, ಬಂದದ್ದನ್ನು ಪ್ರಿಂಟ್ ತೆಗೆದಿಟ್ಟುಕೊ. ಎಚ್ ಪ್ಲಸ್ ಎಂದಿದ್ದರೆ ಸಂಸ್ಥೆಗೆ ಮಾನ್ಯತೆ ಇದೆ ಎಂದರ್ಥ. ವೀಸಾದ ಹೊತ್ತಿಗೆ ಬೇಕಾಗುತ್ತದೆ. ನೀನು ಕೇಳಿದ ಆಪರ್ಚುನಿಟಿ ಕಾರ್ಡು 2024ರ ಜೂನ್‌ನಿಂದ ಇದೆ, ಇಲ್ಲಿಗೆ ಬಂದು ಒಂದು ವರ್ಷದವರೆಗೆ ಕೆಲಸ ಹುಡುಕಬಹುದು, ನಿಜ. ಆದರೆ ಬಂದು ಕೂತು ಹುಡುಕುವುದಕ್ಕೆ ಕೈಯಲ್ಲಿ ದುಡ್ಡು ಬೇಕು. ಮೊದಲು ಅಲ್ಲಿಂದಲೇ ಪ್ರಯತ್ನ ಮಾಡು.

ಹುಬ್ಬಳ್ಳಿ ಕಾರ್ಖಾನೆಯವರು ಇನ್ನೂ ಅನುಭವ ಪತ್ರ ಕೊಟ್ಟಿಲ್ಲ ಎಂದೆ. ಅವಸರಕ್ಕೆ ಬಿಟ್ಟು ಬಂದದ್ದಕ್ಕೆ ಸಿಟ್ಟಿರಬಹುದು. ಹೋಗಿ, ಕೂತು, ಚಹಾ ಕುಡಿದಾದರೂ ತೆಗೆದುಕೊಂಡು ಬಾ. ಇಲ್ಲಿಯವರಿಗೆ ಕಾಗದದ ಹುಚ್ಚು ಬಹಳ. ಇಲ್ಲಿ ಕೆಲಸ ಬಿಟ್ಟವರಿಗೆ ಸರ್ಟಿಫಿಕೇಟು ಕೊಡುವುದು ಕಾನೂನು, ಅದರಲ್ಲಿ ಕೆಟ್ಟದಾಗಿ ಬರೆಯುವ ಹಾಗಿಲ್ಲ. ಹಾಗಾಗಿ ಹೊಗಳಿಕೆಯಲ್ಲೇ ದರ್ಜೆ ಮಾಡಿಟ್ಟಿದ್ದಾರೆ. "ನಮಗೆ ತೃಪ್ತಿಯಾಗುವಂತೆ ದುಡಿದ" ಎಂದರೆ ಅಂತೂ ಇಂತೂ ಪಾಸು. "ಪೂರ್ಣ ತೃಪ್ತಿ" ಎಂದರೆ ಅಡ್ಡಿಯಿಲ್ಲ. "ಸದಾಕಾಲ ಅತ್ಯಂತ ಪೂರ್ಣ ತೃಪ್ತಿ" ಎಂದರೆ ಮಾತ್ರ ಫಸ್ಟ್‌ಕ್ಲಾಸು. ನಮ್ಮಲ್ಲಿ ಉಪ್ಪಿಲ್ಲದ ತಂಬುಳಿ ಉಂಡು ಅತ್ತಿಗೆಗೆ "ಚೊಲೋ ಆಜು" ಎನ್ನುವ ಹಾಗೆ, ಎಷ್ಟು ಎಳೆದು ಹೇಳಿದರು ಎನ್ನುವುದರಲ್ಲಿ ಎಲ್ಲ ಇದೆ.

ಇನ್ನೊಂದು ಸಣ್ಣದು, ಆದರೆ ಇದರಿಂದಲೇ ಎಷ್ಟೋ ಅರ್ಜಿ ಬಿದ್ದುಹೋಗುತ್ತವೆ. ನೀನು ಪ್ರಿಂಟ್ ತೆಗೆಸಿ ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿದ್ದೀಯ. ಮೂರನೇ ಪುಟದಲ್ಲಿ ಆಯಿಯ ಹೆಬ್ಬೆರಳು ಕಾಣುತ್ತದೆ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಸಾಫ್ಟ್‌ವೇರು. ಫೋಟೋದೊಳಗಿನ ಅಕ್ಷರ ಅದಕ್ಕೆ ಸರಿಯಾಗಿ ಸಿಗುವುದಿಲ್ಲ, ಬಾರ್ಡರು, ಬಾಕ್ಸು ಇದ್ದರೂ ಗೊಂದಲ. ಕಂಪ್ಯೂಟರಿನಿಂದ ನೇರ ಪಿಡಿಎಫ್ ಮಾಡು. ಫೈಲಿಗೆ "ಫೈನಲ್ ಫೈನಲ್ 2" ಎಂದು ಹೆಸರಿಡಬೇಡ, ನಿನ್ನ ಹೆಸರಿಡು. ಅವರು ಜಾಹೀರಾತಿನಲ್ಲಿ ಕೆಲಸಕ್ಕೆ ಯಾವ ಪದ ಬಳಸಿದ್ದಾರೋ ಅದನ್ನು, ನೀನು ನಿಜವಾಗಿ ಮಾಡಿದ್ದರೆ ಮಾತ್ರ, ನೀನೂ ಬಳಸು. ಜೊತೆಗಿನ ಪತ್ರ ಒಂದೇ ಪುಟ, ಕಂಪನಿಯಿಂದ ಕಂಪನಿಗೆ ಬೇರೆ ಬೇರೆ. ಅವರ ಹೆಸರು ಸರಿ ಇದೆಯಾ ಎಂದು ಎರಡು ಸಲ ನೋಡು. ಹಾವೇರಿ ನೆನಪಿರಲಿ.

ಎಲ್ಲರಿಗೂ ಒಂದೇ ಸಿವಿ ನಡೆಯುವುದಿಲ್ಲ ಎನ್ನುವುದಕ್ಕೆ ಊರಲ್ಲೇ ಸಾಕ್ಷಿ ಇದೆ. ದೊಡ್ಡಪ್ಪನ ಮಗ ದುಬೈಗೆ ಕಳಿಸಿದ್ದರಲ್ಲಿ ಫೋಟೋ, ಯಾವ ದೇಶದವನು, ಯಾವ ವೀಸಾ ಎಲ್ಲ ಇತ್ತು, ಅಲ್ಲಿ ಅದು ರೂಢಿ. ಕಾರವಾರದ ನಿನ್ನ ಗೆಳೆಯ ಹಡಗಿನಲ್ಲಿದ್ದಾನಲ್ಲ, ಅವನದನ್ನು ನೋಡು. ಸಿಡಿಸಿ (ನಾವಿಕರ ಗುರುತಿನ ಪುಸ್ತಕ) ನಂಬರು, ಎಸ್‌ಟಿಸಿಡಬ್ಲ್ಯು (ಹಡಗಿನವರ ತರಬೇತಿ) ಕೋರ್ಸುಗಳು, ಆಮೇಲೆ ಬರೀ ಪಟ್ಟಿ: ಯಾವ ಹಡಗು, ಎಂಥ ಹಡಗು, ಎಷ್ಟು ಟನ್ನು, ಯಾವತ್ತು ಹತ್ತಿದ, ಯಾವತ್ತು ಇಳಿದ. ಅವನಿಗೆ ವಾಕ್ಯವೇ ಬೇಡ. ಇದನ್ನು ಯಾಕೆ ಬರೆದೆ ಎಂದರೆ, ಕುಮಟಾದಲ್ಲಿ ಯಾರೋ ಒಂದೂವರೆ ಲಕ್ಷ ಕೊಟ್ಟರೆ ಸಿವಿಯಿಂದ ಹಿಡಿದು ಜರ್ಮನಿ ಕೆಲಸದವರೆಗೆ ಗ್ಯಾರಂಟಿ ಎಂದಿದ್ದಾನೆ ಎಂದು ಆಯಿ ಹೇಳಿದಳು. ಬೇಡ. ಸರಕಾರದಲ್ಲಿ ನೋಂದಾಯಿಸಿದ ಏಜೆಂಟರೂ ಕೆಲಸಕ್ಕೆ ಕಳಿಸಲು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಅವನ ಹೆಸರು ಇ-ಮೈಗ್ರೇಟ್ ಎಂಬ ಸರಕಾರಿ ಪಟ್ಟಿಯಲ್ಲಿ ಇದೆಯಾ ನೋಡು. ಇಲ್ಲದಿದ್ದರೆ ಚಹಾ ಕುಡಿದು ಎದ್ದು ಬಾ, ಚಹಾದ ದುಡ್ಡು ಅವನೇ ಕೊಡಲಿ.

ಹವ್ಯಾಸದ ಜಾಗದಲ್ಲಿ "ಸಂಗೀತ ಕೇಳುವುದು, ಕ್ರಿಕೆಟ್" ಇತ್ತು, ಅದೂ ಹಾವೇರಿಯವನದೇ ಇರಬೇಕು. ನೀನು ಯಾವಾಗ ಬ್ಯಾಟು ಹಿಡಿದೆ? ತೆಗೆದು, ತಾಳಮದ್ದಳೆಗೆ ಮದ್ದಳೆ ಬಾರಿಸುವುದು ಎಂದು ಹಾಕಿದ್ದೇನೆ. ಖಂಡಿತ ಕೇಳುತ್ತಾರೆ ಏನದು ಎಂದು. ವೇಷವಿಲ್ಲದೆ ಕೂತು ಮಾತಿನಲ್ಲೇ ರಾತ್ರಿಯಿಡೀ ಮಹಾಭಾರತ ನಡೆಸುವುದನ್ನು ಜರ್ಮನ್‌ನಲ್ಲಿ ಎರಡು ವಾಕ್ಯದಲ್ಲಿ ಹೇಳಲು ಈಗಿನಿಂದ ಅಭ್ಯಾಸ ಮಾಡು. ಎ2ಗೆ ಇದಕ್ಕಿಂತ ಒಳ್ಳೆಯ ತಾಲೀಮು ಇಲ್ಲ.

ಈಗ ಅಪ್ಪಯ್ಯ, ಕೊನೆಗೆ ಹೇಳುತ್ತೇನೆ ಎಂದ ಮಾತು. ಸಿವಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು, ಒಂದು ಅಕ್ಷರ ಆಚೀಚೆ ಆಗಬಾರದು. ತಮ್ಮನ ಎಸ್ಸೆಸ್ಸೆಲ್ಸಿಯಲ್ಲಿ ಹೆಗ್ಡೆ, ಡಿಗ್ರಿಯಲ್ಲಿ ನಡುವೆ ಒಂದು 'ಎ' ಸೇರಿ ಹೆಗಡೆ, ಅದೊಂದು ಬೇರೆ ತಲೆನೋವು, ಅಫಿಡವಿಟ್ ಮಾಡಿಸಬೇಕು. ಇಲ್ಲಿಯ ಕೆಲವರು ನಡುವಿನ ಹೆಸರು ಬಿಟ್ಟುಬಿಡು, ಉದ್ದವಾಗುತ್ತದೆ ಎಂದರು. ನಾನು ಬಿಡಲಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಗೆ ಸೇರಿತ್ತು. ಆ ಕಡೆಯವರ ಹಾಗೇ ನಮ್ಮಲ್ಲೂ ಮಗನ ಹೆಸರಿನ ಮಧ್ಯೆ ಅಪ್ಪನ ಹೆಸರು. ಝೆರಾಕ್ಸ್ ಅಂಗಡಿಯವನು ನಿನ್ನನ್ನು ಎಲ್ಲೋ ಕೆಳಗೆ ಜಾತಿಗೂ ಪಿನ್‌ಕೋಡಿಗೂ ನಡುವೆ ಕೂರಿಸಿದ್ದ. ಈಗ ಮೊದಲ ಪುಟದ ಮೊದಲ ಸಾಲು ನೋಡು. ಮೊದಲು ತಮ್ಮನ ಹೆಸರು, ಆಮೇಲೆ ನಿನ್ನದು, ಆಮೇಲೆ ಹೆಗಡೆ. ಹದಿನೆಂಟು ಪಾಯಿಂಟಿನ ದಪ್ಪ ಅಕ್ಷರ. ಕನ್ನಡಕ ಹಾಕಿಕೊಂಡು ನೋಡಬೇಕಾಗಿತ್ತು ನೀನು. ಆಯಿ, ಇದು ನಿನಗೆ ಅನ್ಯಾಯವೇ, ಒಪ್ಪಿದೆ. ನಿನ್ನ ಹೆಸರು ಸದ್ಯಕ್ಕೆ ಅವನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಪ್ಪಯ್ಯನ ಕೆಳಗಿದೆ. ಹೆಬ್ಬೆರಳು ಮೂರನೇ ಪುಟದಲ್ಲಿತ್ತು, ಅದನ್ನೂ ನಾನೇ ತೆಗೆದೆ.

ಬರುವ ಭಾನುವಾರ ಇಲ್ಲಿ ಗಡಿಯಾರ ಒಂದು ತಾಸು ಹಿಂದೆ ಹೋಗುತ್ತದೆ. ಇಷ್ಟು ದಿನ ನಿಮಗೂ ನಮಗೂ ಮೂರೂವರೆ ತಾಸು ಇತ್ತು, ಇನ್ನು ನಾಲ್ಕೂವರೆ. ನಿಮ್ಮ ಊಟದ ಹೊತ್ತಿಗೆ ಫೋನ್ ಬಂದರೆ ಬೈಯಬೇಡಿ. ಅಪ್ಪಯ್ಯ, ಕಾಲಿಗೆ ಎಣ್ಣೆ ತಪ್ಪಿಸಬೇಡ, ಜಾರುವ ಕಟ್ಟೆಯ ಕಡೆ ಒಬ್ಬನೇ ಹೋಗಬೇಡ.

ಇಂತಿ ನಿಮ್ಮ ಮಗಳು

ತಾ.ಕ.: ತಮ್ಮಾ, ಆ ಕೋಟಿನ ಫೋಟೋ ಕಂಪನಿಗೆ ಬೇಡ ಎಂದೆನೇ ಹೊರತು ಎಸೆಯಬೇಡ. ಆಯಿಯ ಹತ್ತಿರ ಕೊಡು. ಬಯೋಡೇಟಾಕ್ಕೆ ಬೇಕಾಗುತ್ತದೆ.